ಕಾಡುಹಂದಿ ಸುಳಿದಾಡುವ ಊರಿನಲ್ಲಿ ಹಟ್ಟಿ, ತೋಟ, ಮನೆಗಳನ್ನು ರೋಗದಿಂದ ಕಾಯುವ ಬಗೆ

ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ದೇಲಂಪಾಡಿ, ಪೈವಳಿಕೆ ಪಂಚಾಯತುಗಳ ಕೃಷಿಕರಿಗೆ ಕಾಡುಹಂದಿಯ ಉಪದ್ರವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಗೆಣಸು, ಕೆಸು, ಬಾಳೆ, ಹೊಸದಾಗಿ ನೆಟ್ಟ ಅಡಿಕೆ ಮತ್ತು ತೆಂಗಿನ ಸಸಿಗಳು ಒಂದೇ ರಾತ್ರಿಯಲ್ಲಿ ಬುಡಮೇಲಾದರೆ ಆ ನಷ್ಟ ಬೆಳಗ್ಗೆ ಕಣ್ಣಿಗೆ ಕಾಣುತ್ತದೆ. ಅದನ್ನು ಎಣಿಸಬಹುದು, ಪರಿಹಾರ ಕೇಳಿ ಅರ್ಜಿ ಕೊಡಬಹುದು. ಅದೇ ಹಂದಿ ತೋಟದ ಕಣಿಯಲ್ಲಿ (ನೀರು ಹರಿಯುವ ಕಾಲುವೆಯಲ್ಲಿ) ಮೂತ್ರ ಹೊಯ್ದು, ಮದಕದ (ಸಣ್ಣ ಕೆರೆಯ) ಅಂಚಿನ ಕೆಸರಿನಲ್ಲಿ ಹೊರಳಿ ಹೋದದ್ದು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಕೆಲವು ದಿನ ಕಳೆದು ಮನೆಯವರಲ್ಲೊಬ್ಬರಿಗೆ ಜ್ವರ ಬಂದಾಗ, ಅಥವಾ ಗಬ್ಬದ ದನ ದಿನ ತುಂಬುವ ಮೊದಲೇ ಕಂದು ಹಾಕಿದಾಗ, ಅದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಹೊಳೆಯುವುದು ಅಪರೂಪ. ಯಾವ ರೋಗ ಯಾವ ದಾರಿಯಿಂದ ಬರುತ್ತದೆ, ಆ ದಾರಿಯನ್ನು ಎಲ್ಲಿ ಕಡಿಯಬಹುದು, ಸತ್ತ ಹಂದಿ ಕಣ್ಣಿಗೆ ಬಿದ್ದಾಗ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಗುಡ್ಡೆಯ ಹಂದಿಗಳೆಲ್ಲವೂ ರೋಗ ಹೊತ್ತುಕೊಂಡೇ ಬರುತ್ತವೆ ಎಂದು ತಿಳಿಯಬಾರದು. ಅವುಗಳಲ್ಲಿ ಕಾಣುವ ರೋಗಗಳಲ್ಲಿ ಹಲವು ನಮ್ಮ ಸಾಕುಪ್ರಾಣಿಗಳಿಂದಲೋ, ನಾವು ರಸ್ತೆಬದಿಯಲ್ಲಿ ಎಸೆದ ಮಾಂಸದ ಕಸದಿಂದಲೋ ಅಂಟಿದವು. ಸಣ್ಣ ಹಿಡುವಳಿಯ ಕೃಷಿಕನಿಗೆ ಹಂದಿ ಬಾರದಂತೆ ಪೂರ್ತಿಯಾಗಿ ತಡೆಯುವುದು ಸಾಧ್ಯವಾಗದ ಮಾತು. ಆದರೆ ಹಂದಿಯೂ ದನವೂ ಮನುಷ್ಯನೂ ಒಂದೇ ನೀರನ್ನು, ಒಂದೇ ಕೆಸರನ್ನು, ಒಂದೇ ಮೇವನ್ನು ಮುಟ್ಟುವ ಜಾಗಗಳನ್ನು ಗುರುತಿಸಿ ಅವನ್ನು ಒಂದೊಂದಾಗಿ ಇಲ್ಲವಾಗಿಸುವುದು ಅವನಿಂದ ಸಾಧ್ಯ, ಮತ್ತು ರೋಗ ತಡೆಯುವ ಕೆಲಸದ ಬಹುಪಾಲು ಅಷ್ಟೇ ಆಗಿದೆ.

ನೀರು ಮತ್ತು ಕೆಸರು

ನಮ್ಮ ಕಡೆ ಮನುಷ್ಯರಿಗೆ ಅತ್ಯಂತ ಹತ್ತಿರದಲ್ಲಿರುವ ಅಪಾಯ ಇಲಿಜ್ವರವೆಂದು ನಾನು ಭಾವಿಸುತ್ತೇನೆ. ಇದನ್ನು ಉಂಟುಮಾಡುವ ಲೆಪ್ಟೋಸ್ಪೈರಾ ಎಂಬ ಬ್ಯಾಕ್ಟೀರಿಯಾ ಇಲಿಗಳಲ್ಲಿ ಮಾತ್ರವಲ್ಲದೆ ಹಂದಿ, ದನ, ನಾಯಿಗಳ ಮೂತ್ರಪಿಂಡಗಳಲ್ಲಿಯೂ ನೆಲೆಸಿ, ಮೂತ್ರದೊಂದಿಗೆ ಹೊರಬೀಳುತ್ತದೆ. ಬಿಸಿಲಿಗೆ ಒಣಗಿದ ನೆಲದಲ್ಲಿ ಬೇಗನೆ ಸಾಯುವ ಈ ರೋಗಾಣು ಒದ್ದೆ ಮಣ್ಣಿನಲ್ಲಿಯೂ ನಿಂತ ಸಿಹಿನೀರಿನಲ್ಲಿಯೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಿರುತ್ತದೆ. ಅಡಿಕೆ ತೋಟದಲ್ಲಿ ಮಳೆಗಾಲವಿಡೀ ನೀರು ಹರಿಯುವ ಕಣಿ, ಅದರ ಪಕ್ಕದಲ್ಲಿ ಎರೆಹುಳ ಹುಡುಕಿ ಹಂದಿ ಅಗೆದು ಹಾಕಿದ ಮೆದುಮಣ್ಣು, ಅದರಲ್ಲಿ ಬರಿಗಾಲಿನಲ್ಲಿ ನಡೆದಾಡುವ ಕೆಲಸದವರು: ಇದಕ್ಕಿಂತ ಅನುಕೂಲವಾದ ಪರಿಸ್ಥಿತಿ ಆ ರೋಗಾಣುವಿಗೆ ಬೇಕಾಗಿಲ್ಲ. ಕಾಲಿನ ಒಡಕು, ಮುಳ್ಳು ತರಚಿದ ಗಾಯ, ನೀರಿನಲ್ಲಿ ನೆನೆದು ಮೆತ್ತಗಾದ ಬೆರಳ ಸಂದಿ, ಕಣ್ಣು, ಬಾಯಿ ಇವುಗಳ ಮೂಲಕ ಅದು ಒಳಹೋಗುತ್ತದೆ.

ಆದ್ದರಿಂದ ಹಂದಿ ಅಗೆದ ಜಾಗವನ್ನು ಸರಿಪಡಿಸುವುದು, ಕಣಿ ಬಿಡಿಸುವುದು, ಮದಕದ ಹೂಳೆತ್ತುವುದು, ತೋಡಿಗೆ ಕಟ್ಟ ಹಾಕುವುದು ಮುಂತಾದ ಕೆಲಸಗಳನ್ನು ಮೊಣಕಾಲಿನವರೆಗೆ ಬರುವ ರಬ್ಬರ್ ಬೂಟು ಮತ್ತು ಕೈಗವಸು ತೊಟ್ಟು ಮಾಡಬೇಕು. ಮನೆಯವರಿಗೆ ಮಾತ್ರ ಬೂಟು ತಂದು ಕೂಲಿಯವರನ್ನು ಬರಿಗಾಲಿನಲ್ಲಿ ಇಳಿಸುವುದು ತಪ್ಪು. ಅವರ ಬೂಟಿನ ಖರ್ಚು ತೋಟದ ಖರ್ಚಿನಲ್ಲಿ ಸೇರಬೇಕಾದದ್ದೇ. ಗಾಯವಿದ್ದರೆ ನೀರು ಒಳಹೋಗದ ಪಟ್ಟಿಯನ್ನು ಅಂಟಿಸಿ ಇಳಿಯಬೇಕು, ಕೆಲಸ ಮುಗಿದೊಡನೆ ಕೈಕಾಲುಗಳನ್ನು ಸೋಪು ಹಾಕಿ ತೊಳೆಯಬೇಕು. ದಿನವೂ ಕೆಸರಿನಲ್ಲಿ ದುಡಿಯುವವರಿಗೆ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಮುಂಜಾಗ್ರತೆಯಾಗಿ ಕೊಡುವ ಪದ್ಧತಿ ಕೇರಳದ ಆರೋಗ್ಯ ಇಲಾಖೆಯಲ್ಲಿದೆ. ಅದನ್ನು ಅಂಗಡಿಯಿಂದ ತಾವಾಗಿಯೇ ತಂದು ನುಂಗದೆ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಕೇಳಿ, ಅವರು ಹೇಳಿದಷ್ಟು ವಾರ ಮಾತ್ರ ಊಟವಾದ ಮೇಲೆ ಧಾರಾಳ ನೀರಿನೊಂದಿಗೆ ತೆಗೆದುಕೊಳ್ಳಬೇಕು. ಗರ್ಭಿಣಿಯರಿಗೂ ಸಣ್ಣ ಮಕ್ಕಳಿಗೂ ಅದು ಹಿತವಲ್ಲ.

ಕುಡಿಯುವ ನೀರಿನ ವಿಷಯದಲ್ಲಿ ನಮ್ಮ ಊರಿಗೆ ತನ್ನದೇ ಆದ ಸಮಸ್ಯೆಯೊಂದಿದೆ. ಗುಡ್ಡದ ಒಡಲಿನಲ್ಲಿ ಅಡ್ಡಲಾಗಿ ಕೊರೆದ ಸುರಂಗದ ನೀರು ಒಳಗೆ ಶುದ್ಧವಾಗಿದ್ದರೂ, ಬಾಯಿಯ ಹೊರಗೆ ಮಣ್ಣಿನ ಗುಂಡಿಯಲ್ಲೋ ತೆರೆದ ಟ್ಯಾಂಕಿಯಲ್ಲೋ ನಿಲ್ಲುವಾಗ ಅದು ಹಂದಿಗೂ ಲಭ್ಯವಾಗುತ್ತದೆ, ಬೇಸಿಗೆಯಲ್ಲಿ ಬೇರೆಲ್ಲಿಯೂ ನೀರಿಲ್ಲದಾಗ ಹಂದಿಗಳು ಅಲ್ಲಿಗೇ ಬರುತ್ತವೆ. ಸುರಂಗದ ಬಾಯಿಗೆ ಕಬ್ಬಿಣದ ಜಾಲರಿಯ ಬಾಗಿಲನ್ನು ಇಟ್ಟು, ನೀರನ್ನು ಪೈಪಿನ ಮೂಲಕ ನೇರವಾಗಿ ಮುಚ್ಚಿದ ಟ್ಯಾಂಕಿಗೆ ಇಳಿಸುವುದು ಒಂದು ಬಾರಿಯ ಖರ್ಚಿನಲ್ಲಿ ಮುಗಿಯುವ ಕೆಲಸ. ಹರಿಯುವ ನೀರಿಗೆ ಕ್ಲೋರಿನ್ ಹಾಕಿ ಪ್ರಯೋಜನವಿಲ್ಲವಾದುದರಿಂದ ಟ್ಯಾಂಕಿಯ ನೀರಿಗೆ ಹಾಕಬೇಕು. ಬಾವಿಯಾದರೆ ಸಾಮಾನ್ಯ ದಿನಗಳಲ್ಲಿ 1000 ಲೀಟರಿಗೆ 2.5 ಗ್ರಾಂ, ನೆರೆನೀರು ನುಗ್ಗಿದಾಗ ಅಥವಾ ನೀರು ಕೆಟ್ಟ ಸಂಶಯವಿದ್ದಾಗ 5 ಗ್ರಾಂ ಬ್ಲೀಚಿಂಗ್ ಪೌಡರ್ ಬೇಕು. ಪುಡಿಯನ್ನು ಬಕೆಟಿನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಬಕೆಟಿನ ಮುಕ್ಕಾಲು ಭಾಗ ನೀರು ತುಂಬಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಸುರಿದು ಕೊಡಪಾನವನ್ನು ಮೇಲಕ್ಕೂ ಕೆಳಕ್ಕೂ ಆಡಿಸಿ ಬೆರೆಸಬೇಕು. ಒಂದು ಗಂಟೆಯ ಅನಂತರ ನೀರನ್ನು ಬಳಸಬಹುದು. ಇಷ್ಟು ಮಾಡಿದರೂ ಕುಡಿಯುವ ನೀರನ್ನು ಕುದಿಸುವ ಅಭ್ಯಾಸ ಬಿಡಬಾರದು.

ಹಂದಿಗಳು ಮಿದುಳುಜ್ವರದ ಒಂದು ಬಗೆಯಾದ ಜಪಾನೀಸ್ ಎನ್ಸೆಫಲೈಟಿಸ್ ವೈರಾಣುವನ್ನೂ ತಮ್ಮ ಮೈಯಲ್ಲಿ ಬೆಳೆಸುತ್ತವೆ, ಗದ್ದೆಯ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಗಳು ಅದನ್ನು ಮನುಷ್ಯರಿಗೆ ತಲಪಿಸುತ್ತವೆ. ಇದಕ್ಕೆ ಸೊಳ್ಳೆಪರದೆಯೇ ಮದ್ದು. ಹಂದಿಯ ಗೂಡು ಮತ್ತು ಮಲಗುವ ಕೋಣೆ ಹತ್ತಿರ ಹತ್ತಿರವಿರಬಾರದು.

ಹಟ್ಟಿಯ ಕಾವಲು

ದನಗಳ ಮಟ್ಟಿಗೆ ಕಾಲುಬಾಯಿ ರೋಗ ಎಲ್ಲಕ್ಕಿಂತ ವೇಗವಾಗಿ ಹರಡುವಂಥದು. ಗೊರಸು ಸೀಳಿದ ಪ್ರಾಣಿಗಳೆಲ್ಲಕ್ಕೂ ಅದು ತಗಲುತ್ತದೆ, ಅವುಗಳಲ್ಲಿ ಹಂದಿಯು ಉಸಿರಿನೊಂದಿಗೆ ಹೊರಹಾಕುವ ವೈರಾಣುವಿನ ಪ್ರಮಾಣ ದನಕ್ಕಿಂತ ಬಹಳ ಹೆಚ್ಚು; ದನವಾದರೋ ಅಂಥ ಗಾಳಿಯನ್ನು ಉಸಿರಾಡಿಯೇ ರೋಗಕ್ಕೆ ತುತ್ತಾಗುತ್ತದೆ. ಹಟ್ಟಿಯ ಹಿಂಬದಿಗೆ ರಾತ್ರಿ ಹಂದಿ ಬಂದು ನಿಲ್ಲುವುದನ್ನು ಹಗುರಾಗಿ ಕಾಣಬಾರದೆನ್ನುವುದು ಇದೇ ಕಾರಣಕ್ಕೆ. ದೇಶದಾದ್ಯಂತ 2019ರಲ್ಲಿ ಆರಂಭವಾದ ರಾಷ್ಟ್ರೀಯ ಲಸಿಕಾ ಯೋಜನೆಯಂತೆ ಆರು ತಿಂಗಳಿಗೊಮ್ಮೆ ಕಾಲುಬಾಯಿ ರೋಗದ ಚುಚ್ಚುಮದ್ದು ಉಚಿತವಾಗಿ ಸಿಗುತ್ತದೆ. ಹಾಲು ಕಡಿಮೆಯಾಗುತ್ತದೆಂಬ ಭಯದಿಂದ ಅದನ್ನು ತಪ್ಪಿಸುವವರು ಇನ್ನೂ ಇದ್ದಾರೆ. ಆದರೆ ಒಂದೆರಡು ದಿನ ಹಾಲು ಇಳಿಯುವುದಕ್ಕೂ ರೋಗ ಬಂದ ಮೇಲೆ ಆ ಕರಾವೇ ಕೆಟ್ಟುಹೋಗುವುದಕ್ಕೂ ಹೋಲಿಕೆಯೇ ಇಲ್ಲ. ಗುಡ್ಡೆಗೆ ಬಿಟ್ಟು ಮೇಯಿಸುವ ಕಾಸರಗೋಡು ಗಿಡ್ಡ ತಳಿಯ ದನಗಳಿಗೆ ರೋಗನಿರೋಧಕ ಶಕ್ತಿ ತಾನಾಗಿಯೇ ಇರುತ್ತದೆಂದು ನಂಬಿ ಲಸಿಕೆ ಬಿಡುವುದಂತೂ ಸರಿಯಲ್ಲ, ಹಂದಿ ನಡೆದ ನೆಲವನ್ನು ದಿನವೂ ಮುಟ್ಟುವವು ಅವೇ.

ಇನ್ನೊಂದು, ಕಂದುರೋಗವೆನಿಸಿಕೊಳ್ಳುವ ಬ್ರುಸೆಲ್ಲೋಸಿಸ್. ದನಗಳಲ್ಲಿ ಇದು ದನಗಳಿಂದಲೇ ಹರಡುವುದು ಹೆಚ್ಚು, ಹಂದಿಗಳಲ್ಲಿ ಇದರದೇ ಇನ್ನೊಂದು ಬಗೆ ಇರುತ್ತದೆ. ಎರಡೂ ಮನುಷ್ಯರಿಗೆ ಅಂಟುತ್ತವೆ. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಜೀವಮಾನದಲ್ಲಿ ಒಮ್ಮೆ ಹಾಕಿಸಬೇಕಾದ ಲಸಿಕೆ ಮೇಲೆ ಹೇಳಿದ ಯೋಜನೆಯಲ್ಲಿಯೇ ಸೇರಿದೆ. ದನ ಕಂದು ಹಾಕಿದರೆ ಬಿದ್ದ ಕಂದನ್ನೂ ಕಸವನ್ನೂ (ಮಾಸನ್ನೂ) ಬರಿಗೈಯಲ್ಲಿ ಎತ್ತಬಾರದು, ಗೊಬ್ಬರದ ಗುಂಡಿಗೆ ಹಾಕಬಾರದು, ನಾಯಿ ಕಚ್ಚಿಕೊಂಡು ಹೋಗಲು ಬಿಡಬಾರದು. ಮೃಗಾಸ್ಪತ್ರೆಗೆ ತಿಳಿಸಿ, ಪರೀಕ್ಷೆಗೆ ಬೇಕಾದ ಮಾದರಿಯನ್ನು ಅವರು ತೆಗೆದುಕೊಂಡ ಮೇಲೆ ಆಳವಾಗಿ ಹೂಳಬೇಕು. ಗರ್ಭಪಾತಕ್ಕೆ ಇಲಿಜ್ವರವೂ ಕಾರಣವಾಗಬಲ್ಲದಾದುದರಿಂದ ಪರೀಕ್ಷೆಯಿಲ್ಲದೆ ಊಹೆಯಿಂದ ಮದ್ದು ಮಾಡುವುದರಲ್ಲಿ ಅರ್ಥವಿಲ್ಲ. ಹಾಲನ್ನು ಕಾಯಿಸದೆ ಯಾರಿಗೂ ಕೊಡಬಾರದು.

ಹಟ್ಟಿಯ ಸುತ್ತಮುತ್ತ ಹಂದಿಯನ್ನು ಸೆಳೆಯುವುದು ಏನೆಂದು ಒಮ್ಮೆ ನಡೆದು ನೋಡಿದರೆ ತಿಳಿಯುತ್ತದೆ: ಮರದಡಿ ಬಿದ್ದು ಕೊಳೆಯುವ ಹಲಸು, ಗೇರುಹಣ್ಣಿನ ರಾಶಿ, ರಾತ್ರಿ ಮರಿಗೆಯಲ್ಲಿ ಉಳಿದ ಅಕ್ಕಚ್ಚು, ಚೆಲ್ಲಿದ ಹಿಂಡಿ, ಮುಚ್ಚದ ಗೊಬ್ಬರದ ಗುಂಡಿ. ಇವನ್ನು ಸಂಜೆಯ ಮೊದಲು ತೆಗೆಯುವುದು ಬೇಲಿಗಿಂತ ಮೊದಲಿನ ಕೆಲಸ. ಮರಿಗೆಯನ್ನು ಹಂದಿಯ ಮೂತಿಗೆ ಎಟುಕದ ಎತ್ತರದಲ್ಲಿ ಕಟ್ಟಿಸಿ, ರಾತ್ರಿ ಖಾಲಿಮಾಡಿ ಇಡಬೇಕು. ಹಂದಿ ತುಳಿದು ಹೊರಳಿದ ಹುಲ್ಲನ್ನು ಕೊಯ್ದು ಹಾಕಬಾರದು. ಹಟ್ಟಿಗೆ ಹಾಸಲು ಮರದಿಂದ ಕಡಿದ ಸೊಪ್ಪು ಒಳ್ಳೆಯದು. ಹಂದಿ ಮಲಗೇಳುವ ಗುಡ್ಡೆಯಿಂದ ಗುಡಿಸಿ ತಂದ ತರಗೆಲೆಯಾದರೆ ಅದನ್ನು ಕೆಲವು ದಿನ ಬಿಸಿಲಿಗೆ ಹರಡಿ ಒಣಗಿಸಿದ ಮೇಲೆಯೇ ಹಾಸಬೇಕು. ಹಟ್ಟಿಯ ಬಾಗಿಲಿನಲ್ಲಿ ಕಾಲು ಅದ್ದಿ ಬರುವುದಕ್ಕೆ ಒಂದು ಅಗಲ ಬೋಗುಣಿಯಲ್ಲಿ ಲೀಟರಿಗೆ 40 ಗ್ರಾಂನಂತೆ ಬಟ್ಟೆಸೋಡಾ ಕರಗಿಸಿ ಇಟ್ಟರೆ ಕಾಲುಬಾಯಿ ರೋಗದ ವೈರಾಣುವಿಗೆ ಅದು ಸಾಕು. ಬೂಟಿನ ಕೆಸರನ್ನು ಮೊದಲು ತೊಳೆದು ಆಮೇಲೆ ಅದ್ದಬೇಕು, ಕೆಸರಿನೊಳಗೆ ಯಾವ ಸೋಂಕುನಿವಾರಕವೂ ಕೆಲಸ ಮಾಡುವುದಿಲ್ಲ. ಬೇಲಿಯಲ್ಲಿ ಹಟ್ಟಿ, ನೀರಿನ ತಾಣ, ಮೇವಿನ ತಾಕು ಈ ಮೂರನ್ನು ಮೊದಲು ಸುತ್ತುವರಿಯುವುದು ಜಾಣತನ. ಹಿಂದಿನವರು ತೋಡುತ್ತಿದ್ದ ಆಳವಾದ ಅಗಳು ಈಗಲೂ ಉಪಯೋಗಕ್ಕೆ ಬರುತ್ತದೆ. ಮನೆಯ ಕರೆಂಟನ್ನು ತಂತಿಗೆ ಹರಿಸುವುದು ಕಾನೂನಿಗೆ ವಿರುದ್ಧ, ಮನುಷ್ಯರ ಪ್ರಾಣಕ್ಕೂ ಎರವು.

ಹಂದಿ ಸಾಕುವವರಿಗೆ

ಆಫ್ರಿಕನ್ ಹಂದಿಜ್ವರದ ಬಗ್ಗೆ ವಿಸ್ತಾರವಾಗಿ ಹೇಳಬೇಕಾಗಿದೆ. ಈ ರೋಗವು 1921ರಲ್ಲಿ ಕೆನ್ಯದಿಂದ ಮೊದಲು ವರದಿಯಾಯಿತು, ಭಾರತದಲ್ಲಿ 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ಕಂಡಿತು, 2022ರ ಜುಲೈಯಲ್ಲಿ ವಯನಾಡಿನ ಮಾನಂತವಾಡಿಯ ಮೂಲಕ ಕೇರಳಕ್ಕೆ ಕಾಲಿಟ್ಟಿತು. ಇದು ಮನುಷ್ಯರಿಗೆ ಬರುವುದಿಲ್ಲ, ದನ, ಆಡು, ಕೋಳಿಗಳಿಗೂ ಬರುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳುವುದು ಅಗತ್ಯ, ಏಕೆಂದರೆ ಇದರ ಸುದ್ದಿ ಬಂದಾಗಲೆಲ್ಲ ಜನ ಬೆದರುತ್ತಾರೆ. ಆದರೆ ಹಂದಿಗಳಲ್ಲಿ ಸಾವಿನ ಪ್ರಮಾಣ ನೂರಕ್ಕೆ ನೂರರ ಹತ್ತಿರ ಹೋಗುತ್ತದೆ, ಚಿಕಿತ್ಸೆಯಿಲ್ಲ, ನಮ್ಮ ದೇಶದಲ್ಲಿ ಬಳಕೆಗೆ ಲಸಿಕೆಯೂ ಇಲ್ಲ. ಒಂದು ಗೂಡಿನಲ್ಲಿ ರೋಗ ದೃಢಪಟ್ಟರೆ ಅದರ ಸುತ್ತ ಒಂದು ಕಿಲೋಮೀಟರ್ ಒಳಗಿನ ಸಾಕುಹಂದಿಗಳನ್ನು ಕೊಂದು ಹೂಳಲಾಗುತ್ತದೆ, ಹತ್ತು ಕಿಲೋಮೀಟರ್ ಒಳಗಿನ ಪ್ರದೇಶವನ್ನು ನಿಗಾವಣೆಯಲ್ಲಿ ಇಡಲಾಗುತ್ತದೆ. ಒಬ್ಬರ ಅಸಡ್ಡೆಗೆ ನೆರೆಯವರೆಲ್ಲ ಬೆಲೆ ತೆರಬೇಕಾಗುತ್ತದೆ.

ಕಾಡುಹಂದಿ ನಡೆದು ಈ ರೋಗವನ್ನು ಸಾಗಿಸುವುದು ಕೆಲವೇ ಕಿಲೋಮೀಟರ್. ನೂರಾರು ಕಿಲೋಮೀಟರ್ ದೂರ ಜಿಗಿಸುವುದು ಲಾರಿ, ಮರಿಗಳ ವ್ಯಾಪಾರ, ಮತ್ತು ಹೋಟೆಲಿನ ಉಳಿಕೆಯಲ್ಲಿ ಬರುವ ಹಂದಿಮಾಂಸ. ಶೈತ್ಯದಲ್ಲಿಟ್ಟ ಮಾಂಸದಲ್ಲಿಯೂ ಒಣಗಿಸಿದ ಮಾಂಸದಲ್ಲಿಯೂ ಈ ವೈರಾಣು ತಿಂಗಳುಗಟ್ಟಲೆ ಉಳಿಯುತ್ತದೆ. ಆದುದರಿಂದ ಹೋಟೆಲಿನ ಉಳಿಕೆಯನ್ನು ಹಾಗೆಯೇ ಸುರಿಯುವ ಪದ್ಧತಿಯನ್ನು ನಿಲ್ಲಿಸಬೇಕು. ಬೇರೆ ಮೇವು ಒದಗದಿದ್ದರೆ ಅದನ್ನು ಕನಿಷ್ಠ 90 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಸತತವಾಗಿ ಕದಡುತ್ತ, ಒಂದು ಗಂಟೆ ಬೇಯಿಸಿ ತಣಿಸಿ ಹಾಕಬೇಕು. ಹಸಿ ಉಳಿಕೆ ತಂದ ಡ್ರಮ್ಮನ್ನು ಬೇಯಿಸಿದ್ದಕ್ಕೆ ಬಳಸಬಾರದು. ಗಡಿಯ ಸಾರಡ್ಕ, ಅಡ್ಕಸ್ಥಳ, ಜಾಲ್ಸೂರುಗಳ ಮೂಲಕ ಕರ್ನಾಟಕದ ಪುತ್ತೂರು, ಸುಳ್ಯ ಕಡೆಯಿಂದ ಮರಿ ತರುವವರು ಸಾಗಾಟಕ್ಕೆ ನಿಷೇಧವಿದೆಯೇ ಎಂದು ಮೊದಲು ಮೃಗಾಸ್ಪತ್ರೆಯಲ್ಲಿ ವಿಚಾರಿಸಿ, ತಂದ ಮರಿಗಳನ್ನು ಒಂದು ತಿಂಗಳು ಬೇರೆ ಗೂಡಿನಲ್ಲಿಟ್ಟು ನೋಡಬೇಕು. ಗೂಡಿನ ಸುತ್ತ ಎರಡು ಸಾಲು ಬೇಲಿಯಿದ್ದು ನಡುವೆ ಜಾಗವಿದ್ದರೆ ಕಾಡುಹಂದಿಗೂ ಸಾಕುಹಂದಿಗೂ ಮೂತಿ ತಾಗುವುದಿಲ್ಲ. ಗೂಡಿನ ಬೂಟು, ಬಟ್ಟೆ ಗೂಡಿನಲ್ಲಿಯೇ ಇರಬೇಕು. ಕಾಡಿಗೆ ಹೋಗಿ ಬಂದವರು ಸ್ನಾನ ಮಾಡದೆ, ಬಟ್ಟೆ ಬದಲಿಸದೆ ಒಳಗೆ ಬರಬಾರದು.

ಗೂಡನ್ನು ಹಣ್ಣಿನ ಮರದ ಕೆಳಗೆ ಕಟ್ಟದಿರುವುದೂ ಮುಖ್ಯ. ಮಲೇಷ್ಯದಲ್ಲಿ 1998–99ರಲ್ಲಿ ಬಾವಲಿಗಳಿಂದ ಹಂದಿಗಳಿಗೆ, ಹಂದಿಗಳಿಂದ ಮನುಷ್ಯರಿಗೆ ನಿಪಾ ವೈರಾಣು ದಾಟಿ ನೂರಕ್ಕೂ ಹೆಚ್ಚು ಜನ ಸತ್ತರು, ಹತ್ತು ಲಕ್ಷದಷ್ಟು ಹಂದಿಗಳನ್ನು ಕೊಲ್ಲಬೇಕಾಯಿತು. ಕೇರಳದಲ್ಲಿ 2018ರಿಂದ ಮತ್ತೆ ಮತ್ತೆ ಕಂಡ ನಿಪಾದಲ್ಲಿ ಹಂದಿಯ ಪಾತ್ರವಿಲ್ಲವಾದರೂ, ಬಾವಲಿ ಕಚ್ಚಿ ಬೀಳಿಸಿದ ಹಣ್ಣನ್ನು ಹಂದಿಗೆ ಹಾಕುವುದು ಬೇಡ.

ಹಂದಿ ಮೇವು ಬಿಟ್ಟು, ಕಿವಿ, ಹೊಟ್ಟೆ, ಕಾಲುಗಳ ಚರ್ಮ ಕೆಂಪಾಗಿ ನೀಲಿಗಟ್ಟಿದರೆ, ತೀವ್ರ ಜ್ವರ, ರಕ್ತಭೇದಿ ಕಂಡರೆ, ಅಥವಾ ಲಕ್ಷಣವಿಲ್ಲದೆಯೇ ಒಂದರ ಹಿಂದೊಂದು ಸತ್ತರೆ, ಉಳಿದವನ್ನು ಬೇಗ ಮಾರಿಬಿಡೋಣ ಎಂಬ ಯೋಚನೆ ಬರುವುದು ಸಹಜ. ಊರಿಗೆಲ್ಲ ರೋಗ ಹಬ್ಬುವುದು ಆ ಒಂದು ಯೋಚನೆಯಿಂದ. ಪಶುಸಂಗೋಪನಾ ಇಲಾಖೆಯೇ ಕೊಲ್ಲಿಸಿದ ಹಂದಿಗಳಿಗೆ ಪರಿಹಾರಧನ ಕೊಡುವ ವ್ಯವಸ್ಥೆಯಿರುವುದರಿಂದ ತಡಮಾಡದೆ ತಿಳಿಸುವುದು ಸಾಕುವವನಿಗೂ ಲಾಭವೇ.

ಸತ್ತ ಹಂದಿ ಕಂಡಾಗ

ಜ್ವರ ಬಂದ ಕಾಡುಹಂದಿ ತಂಪು ಹುಡುಕಿ ನೀರಿನ ಬಳಿ ಬಂದು ಸಾಯುವುದು ಹೆಚ್ಚು. ಹಾಗಾಗಿ ತೋಡು, ಮದಕ, ಸುರಂಗದ ಬಾಯಿಗಳ ಹತ್ತಿರ ಹೆಣ ಸಿಗುವ ಸಂಭವವಿದೆ. ಕಾರಣ ತಿಳಿಯುವವರೆಗೆ ಅದನ್ನು ಮುಟ್ಟಬಾರದು, ಎಳೆಯಬಾರದು, ಕೋಲಿನಿಂದ ತಿರುವಿ ನೋಡಲೂ ಬಾರದು. ತ್ರಿಶೂರು ಜಿಲ್ಲೆಯ ಅದಿರಪ್ಪಿಳ್ಳಿಯ ಕಾಡಿನಲ್ಲಿ 2022ರ ಜೂನಿನಲ್ಲಿ ಸತ್ತುಬಿದ್ದ ಕಾಡುಹಂದಿಗಳಲ್ಲಿ ಆಂಥ್ರಾಕ್ಸ್ ಅಂದರೆ ನೆರಡಿ ರೋಗ ದೃಢಪಟ್ಟಿತ್ತು. ಆ ರೋಗದಿಂದ ಸತ್ತ ಪ್ರಾಣಿಯ ಹೊಟ್ಟೆ ಬೇಗ ಉಬ್ಬುತ್ತದೆ, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತದೆ. ಅದನ್ನು ಕತ್ತರಿಸಿದರೆ ರೋಗಾಣು ಗಾಳಿಗೆ ಒಡ್ಡಿಕೊಂಡು ಬೀಜಾಣುವಾಗಿ ಮಾರ್ಪಡುತ್ತದೆ, ಆ ಬೀಜಾಣು ಮಣ್ಣಿನಲ್ಲಿ ದಶಕಗಳ ಕಾಲ ಉಳಿದು ಮೇಯುವ ದನಗಳನ್ನು ಕೊಲ್ಲುತ್ತದೆ.

ದೂರದಿಂದ ಫೋನಿನಲ್ಲಿ ಒಂದೆರಡು ಚಿತ್ರ ತೆಗೆದು, ಜಾಗವನ್ನು ಗುರುತಿಟ್ಟುಕೊಂಡು, ಅರಣ್ಯ ಇಲಾಖೆಗೂ ಪಂಚಾಯತಿಗೂ ಮೃಗಾಸ್ಪತ್ರೆಗೂ ತಿಳಿಸಬೇಕು. ಪಶುವೈದ್ಯ ಸೇವೆಯ ಉಚಿತ ಸಹಾಯವಾಣಿ 1962. ಗಡಿಯಂಚಿನವರು ಹೆಣ ಯಾವ ರಾಜ್ಯದ ಮಣ್ಣಿನಲ್ಲಿದೆಯೋ ಆ ರಾಜ್ಯದ ಕಚೇರಿಗೆ ಹೇಳಿದರೆ ಕೆಲಸ ಬೇಗ ಆಗುತ್ತದೆ. ಅಲ್ಲಿಯವರೆಗೆ ಮನೆಯ ನಾಯಿಗಳನ್ನು ಕಟ್ಟಿಹಾಕಿ, ಆ ಕಡೆಗೆ ದನಗಳನ್ನು ಬಿಡದೆ, ಹೋಗಿಬಂದ ಚಪ್ಪಲಿಯನ್ನು ತೊಳೆದು ಹಟ್ಟಿಯಿಂದ ದೂರ ಇಡಬೇಕು.

ಕೃಷಿನಾಶ ಮಾಡುವ ಹಂದಿಗಳನ್ನು ಪರವಾನಗಿಯಿರುವ ಬಂದೂಕುದಾರರ ಮೂಲಕ ಕೊಲ್ಲಿಸುವ ಅಧಿಕಾರವನ್ನು 2022ರಲ್ಲಿ ಕೇರಳ ಸರಕಾರವು ಸ್ಥಳೀಯಾಡಳಿತದ ಅಧ್ಯಕ್ಷರಿಗೆ ಕೊಟ್ಟಿತು. ವಿಷ, ಸ್ಫೋಟಕ, ವಿದ್ಯುತ್ತನ್ನು ಬಳಸುವಂತಿಲ್ಲ, ಮಾಂಸವನ್ನು ತಿನ್ನುವಂತಿಲ್ಲ, ಹೆಣವನ್ನು ಹೂಳಲೇಬೇಕು. ಮಾಂಸ ಹಂಚಿಕೊಳ್ಳುವುದನ್ನು ಕಾನೂನಿನ ದೃಷ್ಟಿಯಿಂದ ಮಾತ್ರ ನೋಡಬೇಕಾಗಿಲ್ಲ: ಸರಿಯಾಗಿ ಬೇಯದ ಹಂದಿಮಾಂಸದಿಂದ ಲಾಡಿಹುಳ, ಟ್ರೈಕಿನೆಲ್ಲ ಹುಳ, ಹೆಪಟೈಟಿಸ್ ಇ ಬರಬಹುದು, ಕೊಯ್ಯುವವನ ಕೈಯ ಗಾಯದ ಮೂಲಕವೇ ಬ್ರುಸೆಲ್ಲಾ ಒಳನುಗ್ಗಬಹುದು, ಬೇಯಿಸುವುದರಿಂದ ಕೊಯ್ಯುವವನಿಗೆ ರಕ್ಷಣೆಯಿಲ್ಲ. ಹಸಿ ಮಾಂಸವನ್ನು ನಾಯಿಗೂ ಹಾಕಬಾರದು.

ಹೂಳುವ ಜಾಗದ ಆಯ್ಕೆಯಲ್ಲಿ ನಮ್ಮವರು ವಿಶೇಷ ಎಚ್ಚರ ವಹಿಸಬೇಕು. ನಮ್ಮ ಮುರಕಲ್ಲಿನ ನೆಲದಲ್ಲಿ ನೀರು ಸುಲಭವಾಗಿ ಇಳಿಯುತ್ತದೆ. ಮನೆಗಳಿಂದ ದೂರವೆಂದು ಗುಡ್ಡದ ನೆತ್ತಿಯಲ್ಲಿ ಹೂಳಿದರೆ, ಅದೇ ಗುಡ್ಡದ ಒಳಗೆ ಯಾರದೋ ಸುರಂಗವಿದ್ದು ಅಲ್ಲಿಯ ಒಸರು ನೇರವಾಗಿ ಕುಡಿಯುವ ನೀರಿಗೆ ಸೇರಬಹುದು. ಆದ್ದರಿಂದ ಸುರಂಗ ಯಾವ ದಿಕ್ಕಿಗೆ ಎಷ್ಟು ದೂರ ಹೋಗಿದೆಯೆಂದು ಹಿರಿಯರಲ್ಲಿ ವಿಚಾರಿಸಿ, ಬಾವಿ, ತೋಡುಗಳಿಂದಲೂ ದೂರವಾದ ಮಣ್ಣಿನ ಜಾಗದಲ್ಲಿ ಕನಿಷ್ಠ ಆರಡಿ ಆಳಕ್ಕೆ ಹೂಳಿ, ನಾಯಿ ಕೆದಕದಂತೆ ಮೇಲೆ ಕಲ್ಲು ಹೇರಬೇಕು. ಆಂಥ್ರಾಕ್ಸ್ ಸಂಶಯವಿದ್ದರೆ ಇದನ್ನು ಊರವರು ಮಾಡಬಾರದು, ಅಧಿಕಾರಿಗಳಿಗೇ ಬಿಡಬೇಕು.

ಹಂದಿಗಳ ರೋಗದಿಂದ ಕಾಡಿನ ಇತರ ಜೀವಿಗಳಿಗೂ ಪೆಟ್ಟು ಬೀಳುತ್ತದೆ. ನೀಲಗಿರಿಯ ಮುದುಮಲೈಯಲ್ಲಿ 2023ರ ಆರಂಭದಲ್ಲಿ ಕಾಡುಹಂದಿಗಳು ಆಫ್ರಿಕನ್ ಹಂದಿಜ್ವರದಿಂದ ಸತ್ತವು. ಅಸ್ಸಾಮಿನ ಹುಲ್ಲುಗಾವಲುಗಳಲ್ಲಿ ಮಾತ್ರ ಉಳಿದಿರುವ ಕುಬ್ಜ ಹಂದಿಯ ಕುಲಕ್ಕೇ ಈ ರೋಗ ಕಂಟಕವಾಗಬಹುದೆಂಬ ಭಯವಿದೆ. ಹುಲಿ, ಚಿರತೆ, ಕಾಡುನಾಯಿಗಳಿಗೆ ಹಂದಿ ಮುಖ್ಯ ಆಹಾರ. ಅದು ಕಾಡಿನಲ್ಲಿ ಕಡಿಮೆಯಾದರೆ ಚಿರತೆ ಹಟ್ಟಿಯ ಕರುವಿನತ್ತ ತಿರುಗಬಹುದು. ಕೋಳಿ, ಹಂದಿಗಳ ಮಾಂಸದ ಕಸವನ್ನು ಚೀಲದಲ್ಲಿ ತುಂಬಿ ಕಾಡಿನ ರಸ್ತೆಬದಿಗೆ ಎಸೆಯುವುದನ್ನು ನಿಲ್ಲಿಸುವುದು ಕಾಡಿಗೂ ನಾಡಿಗೂ ನಾವು ಮಾಡಬಹುದಾದ ಅತ್ಯಂತ ಸುಲಭದ ಉಪಕಾರ, ಎಸೆಯುವವರ ವಾಹನದ ನಂಬರನ್ನು ಪಂಚಾಯತಿಗೆ ಕೊಡಲು ಹಿಂಜರಿಯಬೇಕಾಗಿಲ್ಲ.

ಹಂದಿ ತಿವಿದರೆ, ಜ್ವರ ಬಂದರೆ

ಹಂದಿ ಕಚ್ಚಿದ ಅಥವಾ ತಿವಿದ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಕಾಫಿಪುಡಿಗಳನ್ನು ಮೆತ್ತಬಾರದು. ರಕ್ತ ಜೋರಾಗಿ ಹರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಒತ್ತಿಹಿಡಿದು ಮೊದಲು ಆಸ್ಪತ್ರೆಗೆ ಧಾವಿಸಬೇಕು. ಧನುರ್ವಾಯುವಿನ ಚುಚ್ಚುಮದ್ದಿನ ಜೊತೆಗೆ ಹುಚ್ಚುನಾಯಿ ರೋಗದ ಲಸಿಕೆಯ ಬಗ್ಗೆಯೂ ವೈದ್ಯರಲ್ಲಿ ಕೇಳಬೇಕು, ಕಾಡುಪ್ರಾಣಿಯ ಕಡಿತವನ್ನು ಆ ದೃಷ್ಟಿಯಿಂದಲೂ ನೋಡಲಾಗುತ್ತದೆ.

ಕೆಸರಿನಲ್ಲಿ ದುಡಿದ ಒಂದು ತಿಂಗಳ ಒಳಗೆ ಜ್ವರ, ಮೀನಖಂಡದ ಸೆಳೆತ, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರವನ್ನು ನೆನೆಯಬೇಕು. ಕಣ್ಣು ಹಳದಿಯಾಗಿ ಮೂತ್ರ ಕಡಿಮೆಯಾದರೆ ಒಂದು ದಿನವನ್ನೂ ಕಳೆಯಬಾರದು. ಬಂದು ಬಂದು ಬಿಡುವ ಜ್ವರ, ರಾತ್ರಿ ಬೆವರು, ಸೊಂಟ ಮತ್ತು ಗಂಟುಗಳ ನೋವು ವಾರಗಟ್ಟಲೆ ಮುಂದುವರಿದರೆ ಬ್ರುಸೆಲ್ಲೋಸಿಸಿನ ಪರೀಕ್ಷೆ ಆಗಬೇಕು. ಮೈಯಲ್ಲಿ ಉಣುಗು (ಉಣ್ಣೆ) ಕಚ್ಚಿದ್ದರೆ ಅದನ್ನೂ ಹೇಳಬೇಕು. ಪಟ್ಟಣದ ಆಸ್ಪತ್ರೆಯ ವೈದ್ಯರು ತಾವಾಗಿ ಕೇಳಲಿಕ್ಕಿಲ್ಲವಾದುದರಿಂದ, ತೋಟದಲ್ಲಿ ಹಂದಿಯ ಓಡಾಟವಿರುವುದು, ಕಣಿಯಲ್ಲಿ ಕೆಲಸ ಮಾಡಿದ ದಿನ, ಸತ್ತ ಪ್ರಾಣಿಯನ್ನು ಅಥವಾ ಕಂದು ಹಾಕಿದ ದನವನ್ನು ಮುಟ್ಟಿದ್ದು, ಕಾಯಿಸದ ಹಾಲು ಕುಡಿದದ್ದು ಇವಿಷ್ಟನ್ನು ಒಂದು ಚೀಟಿಯ ಮೇಲೆ ಬರೆದುಕೊಂಡು ಹೋಗಿ ಅವರ ಕೈಗೆ ಕೊಡಬೇಕು.